ಬೀಗದೊಳಗಿನ ಓಲೆ, ಕದ್ದು ಬರೆದ ಪ್ರತಿ: ಮೂಡುಬಿದಿರೆಯ ಧವಳ ಗ್ರಂಥಗಳ ಕಥೆ

"ನಮ್ಮಲ್ಲಿಯೂ ಇತ್ತು ಮಗಾ, ಒಂದು ಕಟ್ಟು ಓಲೆ. ಒರಲೆ ಹಿಡಿದಿತ್ತು. ಮಾಡು ರಿಪೇರಿ ಮಾಡಿಸುವಾಗ ಹೊಳೆಗೆ ಬಿಟ್ಟೆವು."

ಬೆಳ್ತಂಗಡಿ ತಾಲೂಕಿನ ಒಂದು ಹಳೆಯ ಮನೆಯಲ್ಲಿ ಅಜ್ಜಿಯೊಬ್ಬರು ಹೇಳಿದ ಮಾತಿದು. ನಾವು ಅಲ್ಲಿಗೆ ಹೋದದ್ದು ಅಡಿಕೆಯ ಕೊಳೆರೋಗದ ಸುದ್ದಿಗೆ. ಮಾತಿನ ನಡುವೆ ಅಟ್ಟದ ವಿಷಯ ಬಂತು. ಓಲೆಯಲ್ಲಿ ಏನು ಬರೆದಿತ್ತು ಎಂದು ಕೇಳಿದೆವು. "ಯಾರಿಗೆ ಗೊತ್ತು? ಓದುವವರು ಯಾರೂ ಇರಲಿಲ್ಲ" ಎಂದರು. ಅವರದು ತಪ್ಪು ಎಂದು ನಾವು ಹೇಳುವುದಿಲ್ಲ. ಹಾಳಾದ ಗ್ರಂಥವನ್ನು ಕಸಕ್ಕೆ ಎಸೆಯಬಾರದು, ನೀರಿಗೆ ಬಿಡಬೇಕು ಎನ್ನುವುದು ಹಿರಿಯರ ಕ್ರಮ. ಅವರು ಗೌರವದಿಂದಲೇ ಬೀಳ್ಕೊಟ್ಟಿದ್ದರು.

ಆ ಮನೆಯಿಂದ ಬರುವಾಗ ದಾರಿಯಲ್ಲಿ ನಮಗೆ ನೆನಪಾದದ್ದು ಮೂಡುಬಿದಿರೆ. ಅಲ್ಲಿ ಓಲೆಗಳು ಎಂಟುನೂರು ವರ್ಷಕ್ಕೂ ಹೆಚ್ಚು ಕಾಲ ಉಳಿದುಕೊಂಡವು. ಉಳಿದದ್ದು ಹೇಗೆ, ಹೊರಗೆ ಬಂದದ್ದು ಹೇಗೆ ಎನ್ನುವುದನ್ನು ನಮ್ಮ ಊರಿನ ಪ್ರತಿಯೊಬ್ಬರೂ ತಿಳಿದಿರಬೇಕು.

ಬಸದಿಯ ಹೆಸರೇ ಗ್ರಂಥದಿಂದ ಬಂತು

ಮೂಡುಬಿದಿರೆಯ ಗುರು ಬಸದಿಗೆ ಸಿದ್ಧಾಂತ ಬಸದಿ ಎಂಬ ಇನ್ನೊಂದು ಹೆಸರಿದೆ. ಅಲ್ಲಿದ್ದ ಸಿದ್ಧಾಂತ ಗ್ರಂಥಗಳಿಂದಲೇ ಈ ಹೆಸರು. ಅವನ್ನು ಜನ ಧವಳ, ಜಯಧವಳ, ಮಹಾಧವಳ ಎಂದು ಕರೆಯುತ್ತಾರೆ.

ಪುಷ್ಪದಂತ ಮತ್ತು ಭೂತಬಲಿ ಎಂಬ ಇಬ್ಬರು ಮುನಿಗಳು ರಚಿಸಿದ 'ಷಟ್ಖಂಡಾಗಮ' ದಿಗಂಬರ ಜೈನರಿಗೆ ಮೂಲ ಆಗಮ. ಅದಕ್ಕೆ ವೀರಸೇನಾಚಾರ್ಯರು ಬರೆದ ಟೀಕೆಯೇ ಧವಳ. ಅದು ಮುಗಿದದ್ದು ಕ್ರಿ.ಶ. 816ರಲ್ಲಿ, ಅಳತೆ 72,000 ಶ್ಲೋಕದಷ್ಟು. ಜಯಧವಳವನ್ನು ಅವರೇ ಆರಂಭಿಸಿದರು. ಶಿಷ್ಯ ಜಿನಸೇನರು 837ರಲ್ಲಿ ಮುಗಿಸಿದರು. ಆಗ ಆಳುತ್ತಿದ್ದವರು ರಾಷ್ಟ್ರಕೂಟರು. ಮಹಾಧವಳ ಎಂದರೆ ಷಟ್ಖಂಡಾಗಮದ ಆರನೆಯ ಖಂಡವಾದ 'ಮಹಾಬಂಧ'.

ಭಾಷೆ ಪ್ರಾಕೃತ ಮತ್ತು ಸಂಸ್ಕೃತ. ಆದರೆ ಲಿಪಿ ನಮ್ಮದು, ಹಳೆಗನ್ನಡದ್ದು. ಓಲೆ ಶ್ರೀತಾಳೆಯದ್ದು. ತುಳುವಿನಲ್ಲಿ ಪಣೋಲಿ ಎನ್ನುತ್ತೇವಲ್ಲ, ಜೀವಮಾನದಲ್ಲಿ ಒಂದೇ ಸಲ ಹೂ ಬಿಟ್ಟು ಸಾಯುವ ಮರ, ಅದರ ಗರಿ. 12ನೇ ಶತಮಾನದ ಈ ಪ್ರತಿಗಳ ಕೆಲವು ಗರಿಗಳಲ್ಲಿ ಬಣ್ಣದ ಚಿತ್ರಗಳೂ ಇವೆ. ಉತ್ತರದ ದೊಡ್ಡ ದೊಡ್ಡ ಜೈನ ಭಂಡಾರಗಳಲ್ಲಿ ಈ ಗ್ರಂಥಗಳು ಇರಲಿಲ್ಲ. ಉಳಿದದ್ದು ನಮ್ಮ ಮಳೆಯ ಊರಿನಲ್ಲಿ.

ಅವು ಓದುವ ಪುಸ್ತಕವಾಗಿ ಇರಲಿಲ್ಲ, ಪೂಜೆಯ ವಸ್ತುವಾಗಿದ್ದವು. ಯಾತ್ರಿಕರು ಬಂದರೆ ದರ್ಶನ ಮಾಡಿಸಿ ಮತ್ತೆ ಒಳಗೆ ಇಡುತ್ತಿದ್ದರು.

ಇಪ್ಪತ್ತಾರು ವರ್ಷದ ನಕಲು

1883ರಲ್ಲಿ ಮುಂಬಯಿಯ ಸೇಠ್ ಮಾಣಿಕ್‌ಚಂದ್ ಯಾತ್ರೆಗೆ ಬಂದರು. ದರ್ಶನ ಮಾಡಿದರು, ಗರಿಗಳು ಜೀರ್ಣವಾಗುತ್ತಿರುವುದನ್ನೂ ಕಂಡರು. ಸೊಲ್ಲಾಪುರದ ಹೀರಾಚಂದ್ ನೇಮಚಂದ್ ಅವರೊಂದಿಗೆ ಸೇರಿ ಪ್ರತಿ ಮಾಡಿಸಲು ಪ್ರಯತ್ನಪಟ್ಟರು. ಊರವರನ್ನು ಒಪ್ಪಿಸಿ, ಹಣ ಹೊಂದಿಸಿ ಕೆಲಸ ಶುರುವಾಗುವಾಗ 1896 ಆಗಿತ್ತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿ ಮತ್ತು ಮಿರಜಿನ ಗಜಪತಿ ಉಪಾಧ್ಯಾಯರು ಬರೆಯಲು ಕುಳಿತರು. ಮುಂದೆ ಬೇರೆಯವರೂ ಸೇರಿದರು. ಕೆಲಸ ಮುಗಿದದ್ದು 1922ರಲ್ಲಿ. ಅಷ್ಟಾದರೂ ಒಂದು ಷರತ್ತು ಇತ್ತು: ಹೊಸ ಪ್ರತಿಯೂ ಮೂಡುಬಿದಿರೆಯಿಂದ ಹೊರಗೆ ಹೋಗಬಾರದು.

ಕಥೆ ತಿರುಗುವುದು ಇಲ್ಲಿಯೇ. ಗಜಪತಿ ಉಪಾಧ್ಯಾಯರು ಗುಟ್ಟಾಗಿ ಇನ್ನೊಂದು ಪ್ರತಿ ಮಾಡಿದರು. ಅದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಟ್ಟವರು ಅವರ ಹೆಂಡತಿ ಲಕ್ಷ್ಮೀಬಾಯಿ. ಆ ಪ್ರತಿ ಹಿಡಿದು ಉಪಾಧ್ಯಾಯರು ಸೊಲ್ಲಾಪುರಕ್ಕೆ, ಮುಂಬಯಿಗೆ ಹೋದರು. ಕೊಟ್ಟ ಮಾತಿಗೆ ತಪ್ಪುವುದು ಸರಿಯಲ್ಲ ಎಂದು ಸೇಠ್‌ಗಳು ಕೊಳ್ಳಲಿಲ್ಲ. ಕೊನೆಗೆ ಉತ್ತರದ ಸಹಾರನಪುರದಲ್ಲಿ ಲಾಲಾ ಜಂಬೂಪ್ರಸಾದ್ ಕೊಂಡರು. ಅಲ್ಲಿ ಅದನ್ನು ನಾಗರಿ ಲಿಪಿಗೆ ಇಳಿಸಲು ಬಂದ ಸೀತಾರಾಮ ಶಾಸ್ತ್ರಿಗಳು ತಮಗಾಗಿ ಒಂದು ಪ್ರತಿ ಮಾಡಿಕೊಂಡರು. ಅದರಿಂದ ಮತ್ತೆ ಪ್ರತಿಗಳಾಗಿ ಆರಾ, ಕಾರಂಜಾ, ಅಮರಾವತಿಗೆ ಹೋದವು.

ಅಮರಾವತಿಯ ಕಾಲೇಜಿನಲ್ಲಿ ಪ್ರೊಫೆಸರ್ ಆಗಿದ್ದ ಹೀರಾಲಾಲ್ ಜೈನ್ ಈ ಪ್ರತಿಗಳನ್ನು ಇಟ್ಟುಕೊಂಡು 1939ರಲ್ಲಿ ಧವಳದ ಮೊದಲ ಸಂಪುಟ ಅಚ್ಚು ಹಾಕಿಸಿದರು. ನಮ್ಮ ಬೆಳಗಾವಿ ಜಿಲ್ಲೆಯ ಸದಲಗಾದ ಎ.ಎನ್. ಉಪಾಧ್ಯೆ ಅವರ ಜೊತೆಗಿದ್ದರು. 16 ಸಂಪುಟಗಳು ಮುಗಿಯುವಾಗ 1958 ಆಗಿತ್ತು.

ಬಿಟ್ಟುಹೋದ ಒಂದು ಶಬ್ದ

ಕದ್ದು ಮಾಡಿದ ಪ್ರತಿಯಿಂದಲೇ ಎಲ್ಲ ಸರಿಯಾಯಿತು ಎನ್ನುವಂತಿಲ್ಲ. ಪ್ರತಿಯ ಪ್ರತಿ ಮಾಡುತ್ತಾ ಹೋದಾಗ ಸಾಲುಗಳೇ ಬಿಟ್ಟುಹೋಗುತ್ತವೆ. ಮೊದಲ ಸಂಪುಟದ 93ನೆಯ ಸೂತ್ರ ಸ್ತ್ರೀಯರು ಆಧ್ಯಾತ್ಮದಲ್ಲಿ ಎಷ್ಟು ಎತ್ತರಕ್ಕೆ ಏರಬಹುದು ಎನ್ನುವುದಕ್ಕೆ ಸಂಬಂಧಿಸಿದ್ದು. ಅಲ್ಲಿ 'ಸಂಜದ' ಎಂಬ ಶಬ್ದ ಇರಬೇಕು ಎಂದು ಸಂಪಾದಕರಿಗೆ ಅನ್ನಿಸಿತು. 'ಸಂಜದ' ಎಂದರೆ ಪೂರ್ಣ ಸಂಯಮ ಪಡೆದವರು. ಅವರ ಕೈಯಲ್ಲಿದ್ದ ಪ್ರತಿಗಳಲ್ಲಿ ಅದು ಇರಲಿಲ್ಲ. ಪಂಡಿತರ ನಡುವೆ ದೊಡ್ಡ ವಿವಾದವಾಯಿತು. ಮೂಡುಬಿದಿರೆಯ ಓಲೆ ಬಿಚ್ಚಿ ನೋಡಿದರೆ ಶಬ್ದ ಅಲ್ಲೇ ಇತ್ತು!

ಅಷ್ಟರಲ್ಲಿ ಮೂಡುಬಿದಿರೆಯವರ ಮನಸ್ಸೂ ಬದಲಾಗಿತ್ತು. ಅಚ್ಚಾದ ಸಂಪುಟ ನೋಡಿದ ಮೇಲೆ ಮೂಲದೊಂದಿಗೆ ಹೋಲಿಸಲು ಅವರೇ ಅವಕಾಶ ಕೊಟ್ಟರು. ಬೀಗ ಇಲ್ಲದಿದ್ದರೆ ಓಲೆ ಉಳಿಯುತ್ತಿರಲಿಲ್ಲ. ಲಕ್ಷ್ಮೀಬಾಯಿ ಬರೆಯದಿದ್ದರೆ ಗ್ರಂಥ ಅಷ್ಟು ಬೇಗ ಲೋಕಕ್ಕೆ ಸಿಗುತ್ತಿರಲಿಲ್ಲ. ಕೊನೆಗೆ ಸರಿಯಾದ ಪಾಠ ಸಿಕ್ಕಿದ್ದು ಬೀಗ ತೆಗೆದಾಗ.

ಪಟ್ಟಿ ಮಾಡಿದವರು

ಇನ್ನೊಬ್ಬರನ್ನು ನಾವು ಮರೆಯಬಾರದು. ಬಿಹಾರದ ಆರಾದ ಜೈನ ಸಿದ್ಧಾಂತ ಭವನದಲ್ಲಿ ಗ್ರಂಥಪಾಲರಾಗಿದ್ದು ಮೂಡುಬಿದಿರೆಗೆ ಬಂದ ಪಂಡಿತ ಕೆ. ಭುಜಬಲಿ ಶಾಸ್ತ್ರಿ. ಮೂಡುಬಿದಿರೆಯ ಮಠ ಮತ್ತು ಬಸದಿ, ಕಾರ್ಕಳದ ಮಠ, ನಮ್ಮ ಅಳಿಯೂರಿನ ಆದಿನಾಥ ಗ್ರಂಥ ಭಂಡಾರ, ಇಲ್ಲೆಲ್ಲ ಇದ್ದ ಓಲೆಗಳ ವಿವರವಾದ ಪಟ್ಟಿಯನ್ನು ಅವರು ಮಾಡಿದರು. 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠ ಅದನ್ನು ಪ್ರಕಟಿಸಿತು. ಅಳಿಯೂರಿನಂಥ ಹಳ್ಳಿಯ ಹೆಸರು ಕಾಶಿಯಲ್ಲಿ ಅಚ್ಚಾದದ್ದು ಹೀಗೆ.

ಒಬ್ಬೊಬ್ಬ ಪಂಡಿತರು ಮಾಡುತ್ತಿದ್ದ ಈ ಕೆಲಸವನ್ನು ಮುಂದೆ ಸಂಸ್ಥೆಗಳು ವಹಿಸಿಕೊಂಡವು. ಮೂಡುಬಿದಿರೆಯಲ್ಲೇ ರಮಾರಾಣಿ ಜೈನ ಶೋಧ ಸಂಸ್ಥಾನ ಬಂತು. ಧರ್ಮಸ್ಥಳದಲ್ಲಿ ಶ್ರೀ ಮಂಜುನಾಥೇಶ್ವರ ಸಂಸ್ಕೃತಿ ಸಂಶೋಧನ ಪ್ರತಿಷ್ಠಾನ ಓಲೆಗಳನ್ನು ಸಂಗ್ರಹಿಸಿತು. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡ ಮೇಲೆ ಅವರ ಪುಸ್ತಕ ಭಂಡಾರ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಬಂತು. ಅಲ್ಲಿ ಅವರ ಹೆಸರಿನಲ್ಲಿ ಸಂಶೋಧನ ಕೇಂದ್ರವಾಯಿತು. ಆರು ಸಂಪುಟಗಳ ತುಳು ನಿಘಂಟು ಸಿದ್ಧವಾದದ್ದು ಅಲ್ಲಿಯೇ.

ಕೊಣಾಜೆಯಲ್ಲಿ 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಶುರುವಾಯಿತು. ಕನ್ನಡ ವಿಭಾಗವನ್ನು ಕಟ್ಟಿದವರು ಎಸ್.ವಿ. ಪರಮೇಶ್ವರ ಭಟ್ಟರು. 1980ರಲ್ಲಿ ಅದು ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಆ ವಿಭಾಗ ಇಂದು ಅವರ ಹೆಸರನ್ನೇ ಹೊತ್ತ ಎಸ್.ವಿ.ಪಿ. ಕನ್ನಡ ಅಧ್ಯಯನ ಸಂಸ್ಥೆ. ಬಂಟ್ವಾಳ ತಾಲೂಕಿನ ಪುಣಚದ ಬಿ.ಎ. ವಿವೇಕ ರೈ ಅಲ್ಲಿಂದಲೇ ಪಾಡ್ದನಗಳ ಅಧ್ಯಯನ ಬೆಳೆಸಿದರು. ಗದ್ದೆಯಲ್ಲಿ ಹಾಡುತ್ತಿದ್ದವರ ಬಾಯಿಯಲ್ಲಿದ್ದದ್ದೂ ಸಾಹಿತ್ಯ ಎಂದು ವಿಶ್ವವಿದ್ಯಾನಿಲಯ ಒಪ್ಪಿಕೊಂಡ ಕಾಲ ಅದು.

ನಿಮ್ಮ ಅಟ್ಟದಲ್ಲಿ ಏನಿದೆ?

ಓಲೆಯೇ ಆಗಬೇಕೆಂದಿಲ್ಲ. ಅಜ್ಜ ಬರೆದ ಯಕ್ಷಗಾನ ಪ್ರಸಂಗದ ನೋಟ್‌ಬುಕ್, ಮೇಷ್ಟ್ರು ಇಟ್ಟಿದ್ದ ದಿನಚರಿ, ಒಂದೆರಡು ಸಂಚಿಕೆ ಬಂದು ನಿಂತುಹೋದ ಕೈಬರಹದ ಪತ್ರಿಕೆ, ಎಲ್ಲವೂ ಊರಿನ ಸಾಹಿತ್ಯವೇ.

ನಾವು ಹೇಳುವುದು ಇಷ್ಟೇ. ಗರಿ ಅಂಟಿಕೊಂಡಿದ್ದರೆ ಎಳೆದು ಬಿಡಿಸಬೇಡಿ. ತೊಳೆಯಬೇಡಿ, ಬಿಸಿಲಿಗೆ ಹಾಕಬೇಡಿ, ಸೀಮೆಎಣ್ಣೆ ಹಚ್ಚಬೇಡಿ. ಕಟ್ಟಿನ ಕ್ರಮ ತಪ್ಪಿಸಬೇಡಿ. ಒಣಗಿದ ಹತ್ತಿಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಇಡಿ. ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದು ಹತ್ತಿರದ ಕನ್ನಡ ಉಪನ್ಯಾಸಕರಿಗೋ, ಮೇಲೆ ಹೇಳಿದ ಸಂಸ್ಥೆಗಳಿಗೋ ತೋರಿಸಿ. ಕೊಟ್ಟುಬಿಡಲು ಮನಸ್ಸಿಲ್ಲವೇ? ಬೇಡ, ಪ್ರತಿ ಮಾಡಲು ಕೊಡಿ. ಮೂಲ ನಿಮ್ಮಲ್ಲೇ ಇರಲಿ.

ಆ ಅಜ್ಜಿಯನ್ನು ಮೊನ್ನೆ ಮತ್ತೆ ನೋಡಲು ಹೋಗಿದ್ದೆವು. ಧವಳದ ಕಥೆ ಹೇಳಿದೆವು. ಲಕ್ಷ್ಮೀಬಾಯಿ ಬರೆದ ಭಾಗ ಬಂದಾಗ ನಕ್ಕರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮಾವನವರು ಬರೆದ ಒಂದು ಪುಸ್ತಕ ಪೆಟ್ಟಿಗೆಯಲ್ಲಿ ಇರಬೇಕು ಮಗಾ, ಹುಡುಕಿಸುತ್ತೇನೆ" ಎಂದರು.