ಉಡುಪಿ ಜಿಲ್ಲೆಯ ಕೃಷಿಗೆ ಮುಂದಿರುವ ಸವಾಲುಗಳು: ಬೈಲುಮಟ್ಟದ ಸಹಕಾರದ ಅಗತ್ಯ

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸರಾಸರಿ 4000 ಮಿ.ಮೀ.ಗೂ ಹೆಚ್ಚು ಮಳೆಯಾಗುತ್ತದೆ. ಇದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿದು ಸಮುದ್ರ ಸೇರುವುದರಿಂದ ಬೇಸಿಗೆಯಲ್ಲಿ ನೀರಿನ ಕೊರತೆ ತಪ್ಪುವುದಿಲ್ಲ. 2019ರ ಮೇ ತಿಂಗಳಲ್ಲಿ, ಉಡುಪಿ ಮತ್ತು ಮಣಿಪಾಲಕ್ಕೆ ಕುಡಿಯುವ ನೀರು ಒದಗಿಸುವ ಸ್ವರ್ಣಾ ನದಿಯ ಬಜೆ ಅಣೆಕಟ್ಟು ಬತ್ತಿತು. 2020ರ ಸೆಪ್ಟೆಂಬರ್ 20ರಂದು ಅದೇ ನದಿ ಉಕ್ಕಿ ಭತ್ತದ ಗದ್ದೆಗಳು ಮುಳುಗಿದವು. ಇಂತಹ ಬರ ಮತ್ತು ನೆರೆಯ ಜೊತೆಗೆ ಕೂಲಿಯಾಳುಗಳ ಅಭಾವ, ಹಡಿಲು ಬೀಳುತ್ತಿರುವ ಗದ್ದೆಗಳು ಹಾಗೂ ಕರಾವಳಿ ಅಂಚಿನ ಉಪ್ಪುನೀರಿನ ಸಮಸ್ಯೆಯೂ ಸೇರಿವೆ. ಇವುಗಳಲ್ಲಿ ಯಾವುದನ್ನೂ ಒಬ್ಬ ರೈತ ತನ್ನ ಗದ್ದೆಯ ಹುಣಿಯೊಳಗೆ ಮಾತ್ರ ಪರಿಹರಿಸಿಕೊಳ್ಳಲಾರ.

ನೀರಿನ ನಿರ್ವಹಣೆ

ಕಾರ್ಕಳ ಭಾಗದಿಂದ ಹರಿದುಬರುವ ಹೊಳೆಗಳ ಕೆಳಹರಿವಿನಲ್ಲಿ ಉಡುಪಿ ಮತ್ತು ಕಾಪುವಿನ ಬೈಲುಗಳಿವೆ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ತಡವಾದರೆ ಸುಗ್ಗಿ ಬೆಳೆಗೆ ನೀರು ಉಳಿಯದು. ಕರಾವಳಿಯಲ್ಲಿ ಭರತದ ವೇಳೆ ಉಪ್ಪುನೀರು ಒಳನುಗ್ಗುತ್ತದೆ. ಹಲಗೆ ತೆಗೆಯುವುದು ತಡವಾದರೆ ಮೊದಲ ಮಳೆಗೇ ಮೇಲ್ಭಾಗದ ಗದ್ದೆಗಳಲ್ಲಿ ನೆರೆ ನಿಲ್ಲುತ್ತದೆ. ಆದ್ದರಿಂದ:

• ಮಳೆ ಕಡಿಮೆಯಾದ ಕೂಡಲೇ ಹಲಗೆ ಅಳವಡಿಸುವ ಹಾಗೂ ಮೇ ಅಂತ್ಯದೊಳಗೆ ತೆಗೆಯುವ ದಿನಗಳನ್ನು ಎರಡೂ ಭಾಗದ ರೈತರು ಸೇರಿ ನಿಗದಿಪಡಿಸಿರಿ.
• ಮುಂಗಾರಿಗೆ ಮುನ್ನ ತೋಡುಗಳ ಹೂಳನ್ನು ಒಟ್ಟಾಗಿ ತೆಗೆಯಿರಿ.
• ನೆರೆ ನಿಲ್ಲುವ ಬೈಲುಗದ್ದೆಗಳಿಗೆ ಬ್ರಹ್ಮಾವರ ಸಂಶೋಧನಾ ಕೇಂದ್ರದ ಸಹ್ಯಾದ್ರಿ ಪಂಚಮುಖಿಯಂತಹ ತಳಿಯನ್ನು ಆರಿಸಿಕೊಳ್ಳಿರಿ.

ಹಡಿಲು ಭೂಮಿ ಮತ್ತು ಯಂತ್ರ ಬಳಕೆ

ಒಂದು ಗದ್ದೆ ಹಡಿಲು ಬಿದ್ದರೆ ಪಕ್ಕದ ಗದ್ದೆಗೂ ಹಾನಿ. ಕಳೆ ಹರಡುತ್ತದೆ, ಇಲಿ–ಹಂದಿಗಳಿಗೆ ಆಶ್ರಯ ದೊರೆಯುತ್ತದೆ, ತೋಡು ಮುಚ್ಚುತ್ತದೆ. 2021ರಲ್ಲಿ ಉಡುಪಿಯ ಕೇದಾರೋತ್ಥಾನ ಟ್ರಸ್ಟ್ ಮೂಲಕ ಹಡಿಲು ಗದ್ದೆಗಳಲ್ಲಿ ಸಾಮೂಹಿಕ ಬೇಸಾಯ ಕೈಗೊಳ್ಳಲಾಯಿತು; ಅಲ್ಲಿಯ ಬೆಳೆ ‘ಉಡುಪಿ ಕೇದಾರ ಕಜೆ’ ಎಂಬ ಹೆಸರಿನ ಅಕ್ಕಿಯಾಗಿ ಮಾರುಕಟ್ಟೆಗೆ ಬಂದಿತು. ಗದ್ದೆ ಮತ್ತೆ ಹಡಿಲಾಗದಂತೆ ಉಳಿಸಿಕೊಳ್ಳಲು ಆಯಾ ಬೈಲಿನ ರೈತರ ಗುಂಪೇ ಮುಂದಾಗಬೇಕು.

ಬೇರೆಯವರು ಬೇಸಾಯ ಮಾಡಿದರೆ ಜಮೀನಿನ ಹಕ್ಕು ಕೈತಪ್ಪೀತೆಂಬ ಅಂಜಿಕೆ ಅನೇಕ ಮಾಲೀಕರಲ್ಲಿದೆ. ಆದ್ದರಿಂದ ಕಂದಾಯ ಇಲಾಖೆಯ ಸಲಹೆ ಪಡೆದು, ಒಡೆತನ, ಖರ್ಚು ಮತ್ತು ಫಸಲಿನ ಹಂಚಿಕೆಯನ್ನು ಮೊದಲೇ ಬರಹದಲ್ಲಿ ಸ್ಪಷ್ಟಪಡಿಸಿಕೊಳ್ಳಿರಿ.

ಯಂತ್ರನಾಟಿಗೆ ಚಾಪೆ ಸಸಿಮಡಿಯಲ್ಲಿ ಬೆಳೆಸಿದ 15ರಿಂದ 18 ದಿನಗಳ ಸಸಿ ಸೂಕ್ತ. ಇಡೀ ಬೈಲಿನಲ್ಲಿ ಒಂದೇ ಅವಧಿಯ ತಳಿಯನ್ನು ಏಕಕಾಲದಲ್ಲಿ ನಾಟಿ ಮಾಡಿದರೆ ಕೊಯ್ಲು ಯಂತ್ರವು ಒಂದೇ ಸರದಿಯಲ್ಲಿ ಕೆಲಸ ಮುಗಿಸುತ್ತದೆ. ಒಬ್ಬರ ಪೈರು ಹಸಿರಿದ್ದು ಇನ್ನೊಬ್ಬರದು ಮಾಗಿದ್ದರೆ ಒಳಗಿನ ಗದ್ದೆಗೆ ಯಂತ್ರ ಹೋಗಲು ದಾರಿಯೇ ಇರುವುದಿಲ್ಲ.

ಅಡಿಕೆ ಕೊಳೆರೋಗ

ಕಾರ್ಕಳ ಭಾಗದ ತೋಟಗಳಲ್ಲಿ ಕೊಳೆರೋಗವು ಮಳೆಹನಿ ಮತ್ತು ಗಾಳಿಯ ಮೂಲಕ ಹರಡುತ್ತದೆ. ಒಂದು ತೋಟಕ್ಕೆ ಔಷಧಿ ಸಿಂಪಡಿಸಿ ಪಕ್ಕದ ತೋಟವನ್ನು ಬಿಟ್ಟರೆ ರೋಗದ ಮೂಲ ಹಾಗೆಯೇ ಉಳಿಯುತ್ತದೆ. ಮುಂಗಾರು ಆರಂಭಕ್ಕೆ ಮುನ್ನ ಶೇ. 1ರ ಬೋರ್ಡೋ ದ್ರಾವಣವನ್ನು (1 ಕಿ.ಗ್ರಾಂ ಮೈಲುತುತ್ತು, 1 ಕಿ.ಗ್ರಾಂ ಸುಣ್ಣ, 100 ಲೀಟರ್ ನೀರು) ಗೊನೆಗಳಿಗೆ ಸಿಂಪಡಿಸಿ, 40ರಿಂದ 45 ದಿನಗಳ ನಂತರ ಪುನಃ ಸಿಂಪಡಿಸಿರಿ. ಉದುರಿದ ರೋಗಪೀಡಿತ ಕಾಯಿಗಳನ್ನು ಆರಿಸಿ ನಾಶಪಡಿಸಿರಿ. ನುರಿತ ಮರ ಹತ್ತುವವರು ವಿರಳವಾಗಿರುವುದರಿಂದ ನೆರೆಯ ತೋಟಗಳವರು ಸರದಿಯಂತೆ ದಿನ ಗೊತ್ತುಪಡಿಸಿಕೊಳ್ಳುವುದು ಲಾಭಕರ.

ಮಾರುಕಟ್ಟೆ

ಕಾಪು ಭಾಗದ ಮಟ್ಟುಗುಳ್ಳ ಮತ್ತು ಶಂಕರಪುರ ಪರಿಸರದ ಉಡುಪಿ ಮಲ್ಲಿಗೆ ಭೌಗೋಳಿಕ ಸೂಚ್ಯಂಕ ಪಡೆದಿವೆ. ಈ ಹೆಸರು ಇಡೀ ಪ್ರದೇಶದ ಬೆಳೆಗಾರರ ಆಸ್ತಿ. ಬೇರೆ ಬದನೆಯನ್ನು ಮಟ್ಟುಗುಳ್ಳವೆಂದು ಮಾರಿದರೆ ನಷ್ಟ ಎಲ್ಲರದು. ಬೀಜದ ಶುದ್ಧತೆ, ವರ್ಗೀಕರಣ ಮತ್ತು ಮಾರಾಟವನ್ನು ಬೆಳೆಗಾರರ ಸಂಘದ ಮೂಲಕವೇ ನಡೆಸಿರಿ.

ವಿಸ್ತರಣಾ ಕಾರ್ಯಕರ್ತರಿಗೆ

ಪ್ರತಿ ವರ್ಷ ಏಪ್ರಿಲ್–ಮೇ ತಿಂಗಳಲ್ಲಿ ಬೈಲುವಾರು ಸಭೆ ಕರೆದು ತಳಿ, ನಾಟಿಯ ದಿನ, ತೋಡಿನ ಕೆಲಸ ಮತ್ತು ಯಂತ್ರದ ಸರದಿಯನ್ನು ನಿರ್ಧರಿಸಿರಿ. ಗ್ರಾಮ ಪಂಚಾಯಿತಿ, ಸಹಕಾರ ಸಂಘ ಹಾಗೂ ಕೃಷಿ, ತೋಟಗಾರಿಕೆ, ಸಣ್ಣ ನೀರಾವರಿ ಇಲಾಖೆಗಳ ಪ್ರತಿನಿಧಿಗಳನ್ನೂ ಆಹ್ವಾನಿಸಿರಿ. ಮಾಲೀಕರು ಪರಊರಿನಲ್ಲಿದ್ದರೆ ದೂರವಾಣಿ ಮೂಲಕ ಅವರ ಒಪ್ಪಿಗೆ ಕೇಳಿ, ನಂತರ ಲಿಖಿತವಾಗಿ ಪಡೆಯಿರಿ.

ಹೆಚ್ಚಿನ ಮಾಹಿತಿಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಿರಿ.