ಜೆಪ್ಪುವಿನ ಹಂಚು, ಬಯಲುಸೀಮೆಯ ಎರೆ

ಮಂಗಳೂರಿನ ಬೋಳಾರ, ಹೊಯ್ಗೆಬಜಾರ್ ಕಡೆ ಎತ್ತ ನೋಡಿದರೂ ಹಂಚಿನ ಕಾರ್ಖಾನೆಯ ಚಿಮಣಿ ಕಾಣುತ್ತಿದ್ದ ಕಾಲದಲ್ಲಿ ಬೆಳೆದವನು ನಾನು. ಮುಂದೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿದೆ. ಹಾಗಾಗಿ ಮಂಗಳೂರು ಹಂಚಿನ ಚರಿತ್ರೆಯನ್ನು ಪಾದ್ರಿಗಳಿಂದ ಆರಂಭಿಸಿ ಪಾದ್ರಿಗಳಲ್ಲೇ ಮುಗಿಸಿದರೆ ನನಗೆ ಅರ್ಧ ಕತೆ ಕೇಳಿದಂತಾಗುತ್ತದೆ.

ಆ ಅರ್ಧ ಇಷ್ಟು: ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಮತಾಂತರವಾಗಿ ಕುಲಕಸುಬು ಕಳೆದುಕೊಂಡವರಿಗೆ ದುಡಿಮೆ ಬೇಕಿತ್ತು. ನೇಯ್ಗೆ ಬಂತು, ಅಚ್ಚುಕೂಟ ಬಂತು. ಅಚ್ಚುಕೂಟದ ಕೆಲಸಕ್ಕೆ ಬಂದಿದ್ದ ಜರ್ಮನ್ನರಾದ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹೂಡಿದರು. ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚಿನ ಮೂಲ ಅಲ್ಸಾಸ್‌ನ ಗಿಲಾರ್ಡೋನಿ ಸಹೋದರರದು, 1841ರ ಪೇಟೆಂಟ್. ಮುಳಿಹುಲ್ಲಿನ ಮಾಡಿಗೆ ಬೆಂಕಿಯ ಭಯ, ಕುಂಬಾರರ ಹಂಚಿಗೆ ಮಂಗಗಳ ಕಾಟ. ಹೊಸದು ಗೆದ್ದದ್ದು ಆಶ್ಚರ್ಯವಲ್ಲ.

ಉಳಿದರ್ಧ ಮಣ್ಣಿನದು. ನೇತ್ರಾವತಿ, ಗುರುಪುರ ಹೊಳೆಗಳ ಬದಿಯ ಜೇಡಿಯಲ್ಲಿ ಕೇಯೊಲಿನೈಟ್ ಎಂಬ ಖನಿಜ ಹೇರಳ. ಅದು ನೀರು ಕುಡಿದರೂ ಅಷ್ಟಾಗಿ ಉಬ್ಬದು, ಒಣಗಿದರೂ ಅಷ್ಟಾಗಿ ಕುಗ್ಗದು. ಅಚ್ಚಿನಲ್ಲಿ ಒತ್ತಿದ ಆಕಾರ ಗೂಡಿನವರೆಗೂ ನಿಲ್ಲುತ್ತದೆ. ಕೆಂಪು ಕೊಡುವುದು ಅದರೊಳಗಿನ ಕಬ್ಬಿಣ. ಬಯಲುಸೀಮೆಯ ಕಲಬುರಗಿ, ವಿಜಯಪುರದ ಎರೆಮಣ್ಣಿನಲ್ಲಿ ಹಂಚು ಮಾಡಹೊರಟರೆ ಒಣಗುವಾಗಲೇ ಬಿರಿಯುತ್ತದೆ. ಅದರಲ್ಲಿರುವುದು ಮಾಂಟ್‌ಮೊರಿಲೊನೈಟ್‌ನ ಕುಲ, ಪದರಗಳ ನಡುವೆ ನೀರು ಸೇರಿಸಿಕೊಂಡು ಹಿಗ್ಗುವ ಜೇಡಿ.

ಹಂಚಿಗೆ ದೋಷವಾದ ಈ ಜೇಡಿಯೇ ನೀರನ್ನು ಶುದ್ಧ ಮಾಡಲು ಒಳ್ಳೆಯದು. ಆ ಪದರಗಳಿಗೆ ಋಣ ವಿದ್ಯುದಂಶವಿದೆ. ಕ್ಯಾಲ್ಸಿಯಂ, ಸೋಡಿಯಂ ಅಂಟಿಕೊಂಡಿರುತ್ತವೆ. ಸೀಸ, ತಾಮ್ರ, ಕ್ಯಾಡ್ಮಿಯಂ ಇರುವ ನೀರು ಬಂದರೆ ಜೇಡಿ ಕ್ಯಾಲ್ಸಿಯಂ ಬಿಟ್ಟುಕೊಟ್ಟು ಅವನ್ನು ಹಿಡಿಯುತ್ತದೆ. ಈ ಕೊಡುಕೊಳ್ಳುವಿಕೆಯ ಶಕ್ತಿ ಕೇಯೊಲಿನೈಟ್‌ಗಿಂತ ಇದರಲ್ಲಿ ಸುಮಾರು ಹತ್ತು ಪಟ್ಟು. ಇಂಗ್ಲೆಂಡಿನ ಕೃಷಿ ರಸಾಯನಜ್ಞ ಜೆ. ಥಾಮಸ್ ವೇ, ಗೊಬ್ಬರದ ಅಮೋನಿಯಾ ಮಣ್ಣಿನಲ್ಲಿ ನಿಂತು ಸುಣ್ಣದಂಶ ಹೊರಬರುವುದನ್ನು 1850ರಲ್ಲೇ ಪ್ರಕಟಿಸಿದ್ದರು, ಜೆಪ್ಪುವಿನ ಗೂಡಿಗೆ ಬೆಂಕಿ ಬೀಳುವ ಹದಿನೈದು ವರ್ಷ ಮೊದಲು. ಗೊಬ್ಬರ ಪೋಲಾಗಬಾರದೆಂಬ ಚಿಂತೆಯಿಂದ ಹುಟ್ಟಿದ ವಿದ್ಯೆ ವಿಷದ ನೀರಿಗೆ ಮದ್ದಾಯಿತು.

ತರಗತಿಯಲ್ಲಿ ಮೈಲುತುತ್ತದ ತೆಳು ನೀರನ್ನು ಎರಡು ಗಾಜಿನ ಪಾತ್ರೆಗಳಿಗೆ ಹಾಕಿ, ಒಂದಕ್ಕೆ ಎರೆಮಣ್ಣು, ಇನ್ನೊಂದಕ್ಕೆ ಹಂಚಿನ ಪುಡಿ ಕಲಕಿಸುತ್ತಿದ್ದೆ. ತಿಳಿಯಾದ ಮೇಲೆ ಎರೆಯ ಪಾತ್ರೆಯಲ್ಲಿ ನೀಲಿ ಮಾಸಿರುತ್ತಿತ್ತು, ಹಂಚಿನದರಲ್ಲಿ ಹೆಚ್ಚುಕಡಿಮೆ ಹಾಗೇ. 500-600 ಡಿಗ್ರಿ ಸೆಲ್ಸಿಯಸ್ ದಾಟುತ್ತಲೇ ಕೇಯೊಲಿನೈಟ್‌ನ ಹರಳಿನೊಳಗೆ ಕೂಡಿಕೊಂಡ ನೀರೂ ಹೋಗಿ ರಚನೆ ಕುಸಿಯುತ್ತದೆ. ಹಂಚು ಅದಕ್ಕೂ ಮೀರಿ ಬೆಂದದ್ದು. ಮಳೆಗೆ ಕರಗದ ಗಟ್ಟಿತನ ಬಂದಿತು, ಮೊದಲೇ ಅಷ್ಟಕ್ಕಷ್ಟೇ ಇದ್ದ ಹಿಡಿಯುವ ಶಕ್ತಿ ಇನ್ನೂ ಕುಂದಿತು.

ಆದ್ದರಿಂದ ಸುಟ್ಟ ಮಡಕೆಯಲ್ಲಿ ಇಟ್ಟರೆ ನೀರಿನ ಸೀಸವೆಲ್ಲ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮಡಕೆ ನೀರನ್ನು ತಂಪಾಗಿಡುತ್ತದೆ, ಅಷ್ಟು ಸಾಕು. ಸಂಶಯವಿದ್ದರೆ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷಿಸಿ.