ಕನಲೆಟ್ಟೊ ಕಂಡ ಲಂಡನ್ ನಗರ

1746ರ ಮೇ ತಿಂಗಳಿನಲ್ಲಿ, ಐವತ್ತನ್ನು ಸಮೀಪಿಸಿದ್ದ ವೆನಿಸ್ ನಗರದ ಚಿತ್ರಕಾರನೊಬ್ಬನು, ಗಿರಾಕಿಗಳು ತನ್ನಲ್ಲಿಗೆ ಬಾರದಿರುವಾಗ ತಾನೇ ಅವರಿದ್ದೆಡೆಗೆ ಹೋಗುವುದು ಲೇಸೆಂದು ಬಗೆದು, ನಾವಿಂದು ವಾಸವಾಗಿರುವ ಈ ಲಂಡನ್ನಿಗೆ ಬಂದಿಳಿದನು. ಜೊವಾನ್ನಿ ಆಂಟೋನಿಯೊ ಕನಾಲ್ ಎಂಬುದು ಅವನ ಹೆಸರು. ಲೋಕವು ಅವನನ್ನು ಕನಲೆಟ್ಟೊ ಎಂದೇ ಬಲ್ಲುದು. ವೆನಿಸ್ಸಿನ ಕಾಲುವೆಗಳನ್ನೂ ಸೌಧಗಳನ್ನೂ ಗೋಡೆಯ ಬಿರುಕು ಸಹ ಬಿಡದಂತೆ ಚಿತ್ರಿಸಿ, ದೇಶಾಟನೆಗೆ ಬಂದ ಆಂಗ್ಲ ಶ್ರೀಮಂತರಿಗೆ ಮಾರಿ ಬಾಳುತ್ತಿದ್ದ ಆತನ ಕಸುಬಿಗೆ, ಆಸ್ಟ್ರಿಯದ ಸಿಂಹಾಸನಕ್ಕಾಗಿ ನಡೆದ ಯುದ್ಧವು ಯೂರೋಪಿನ ಮಾರ್ಗಗಳನ್ನು ದುರ್ಗಮಗೊಳಿಸಿದಾಗ, ಬಲವಾದ ಪೆಟ್ಟು ಬಿದ್ದಿದ್ದಿತು.

ಸೋಹೋದಲ್ಲಿ ಈಗ ಬೀಕ್ ಸ್ಟ್ರೀಟ್ ಎನಿಸಿಕೊಳ್ಳುವ, ಅಂದಿನ ಸಿಲ್ವರ್ ಸ್ಟ್ರೀಟಿನಲ್ಲಿ, ಪೀಠೋಪಕರಣಗಳನ್ನು ಮಾಡುವವನೊಬ್ಬನ ಮನೆಯಲ್ಲಿ ಅವನು ಬಿಡಾರ ಹೂಡಿದನು. ಇವನು ನಿಜವಾದ ಕನಲೆಟ್ಟೊ ಅಲ್ಲವಂತೆ, ಆ ಹೆಸರಿನಲ್ಲಿ ಬಂದ ಮತ್ತಾವನೋ ಅಂತೆ, ಎಂಬ ಗುಸುಗುಸು ಕೆಲಕಾಲದಲ್ಲೇ ಹುಟ್ಟಿಕೊಂಡಿತು. ಹೊರಗಿನಿಂದ ಬಂದವನ ಬೆನ್ನಿಗೆ ಇಂಥ ಮಾತು ಬೀಳುವುದು ಯಾವ ಕಾಲದಲ್ಲಿ ತಾನೇ ಇಲ್ಲ! 1749ರಲ್ಲಿ ಅವನು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಸೇಂಟ್ ಜೇಮ್ಸ್ ಉದ್ಯಾನವನ್ನು ಕುರಿತ ತನ್ನ ಚಿತ್ರವನ್ನು ಬಿಡಾರಕ್ಕೇ ಬಂದು ಪರೀಕ್ಷಿಸಬಹುದೆಂದು ಮಹನೀಯರನ್ನು ಆಹ್ವಾನಿಸಿದನು. ಆ ಚಿತ್ರದಲ್ಲಿರುವ ಹಳೆಯ ಹಾರ್ಸ್ ಗಾರ್ಡ್ಸ್ ಕಟ್ಟಡವು ಬಹುಬೇಗನೆ ನೆಲಸಮವಾಯಿತು. ಈಗ ನಾವು ಕಾಣುವುದು ಅದರ ಜಾಗದಲ್ಲಿ ಎದ್ದ ಹೊಸ ಕಟ್ಟಡ.

ಆಗಿನ ನಗರಕ್ಕೆ, ಮೈಮೇಲೆ ಮನೆಗಳ ಸಾಲನ್ನೇ ಹೊತ್ತು ನಿಂತಿದ್ದ ಲಂಡನ್ ಬ್ರಿಡ್ಜ್ ಒಂದೇ ಸೇತುವೆ. ಎರಡನೆಯದಾದ ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಲೇಬಲಿ ಎಂಬ ಎಂಜಿನಿಯರನು ಕಟ್ಟಿಸುತ್ತಿದ್ದನು. 1747ರ ಸುಮಾರಿನ ಚಿತ್ರವೊಂದರಲ್ಲಿ ಕನಲೆಟ್ಟೊ ಈ ಸೇತುವೆಯ ಕಮಾನನ್ನೇ ಚೌಕಟ್ಟಾಗಿ ಮಾಡಿಕೊಂಡಿದ್ದಾನೆ: ಕಲ್ಲಿನ ಅಡಿಯಲ್ಲಿ ಇನ್ನೂ ಬಿಚ್ಚದ ಮರದ ಆಸರೆ, ಮೇಲಿನಿಂದ ಹಗ್ಗದಲ್ಲಿ ಜೋಲುತ್ತಿರುವ ಕೆಲಸಗಾರರ ಬಕೆಟ್ಟು, ಅದರಾಚೆಗೆ ಬಿಸಿಲು ಬಿದ್ದ ನೀರು, ದೋಣಿಗಳು, ದಿಗಂತದಲ್ಲಿ ಸೇಂಟ್ ಪಾಲ್ಸ್ ಗುಮ್ಮಟ. ಮಹಾಮಂದಿರದ ಗುಮ್ಮಟಕ್ಕೂ ಗಾರೆ ಕೆಲಸದವನ ಬಕೆಟ್ಟಿಗೂ ಸಮಾನವಾದ ಶ್ರದ್ಧೆ ಸಂದಿರುವ ಈ ಕೃತಿಯನ್ನು ನಾನು ಅವನ ಲಂಡನ್ ಚಿತ್ರಗಳಲ್ಲೆಲ್ಲ ಮೊದಲನೆಯದೆಂದು ಎಣಿಸುತ್ತೇನೆ.

ಲ್ಯಾಂಬೆತ್ ಕಡೆಯಿಂದ ವೆಸ್ಟ್‌ಮಿನ್‌ಸ್ಟರನ್ನು ನೋಡಿ ಬರೆದ ಅವನ ವಿಶಾಲವಾದ ಚಿತ್ರವೊಂದು ಈಗ ಪ್ರಾಗ್ ನಗರದ ಲೋಬ್ಕೊವಿಟ್ಸ್ ಅರಮನೆಯಲ್ಲಿ ಉಂಟು. 2015ರಲ್ಲಿ ಬಸವಣ್ಣನವರ ಪ್ರತಿಮೆ ಸ್ಥಾಪಿತವಾದ ದಂಡೆಯೂ ಲ್ಯಾಂಬೆತ್ತಿನದೇ ಆದುದರಿಂದ, ಅಲ್ಲಿ ಸೇರುವ ಕನ್ನಡಿಗರಿಗೆ ಆ ನೋಟ ಅಪರಿಚಿತವಲ್ಲ. ಆದರೆ ಚಿತ್ರದಲ್ಲಿ ಗಡಿಯಾರದ ಗೋಪುರವಿಲ್ಲ, ಈಗಿನ ಪಾರ್ಲಿಮೆಂಟ್ ಭವನವಿಲ್ಲ, ನದಿಯನ್ನು ಬಿಗಿದ ಕಲ್ಲಿನ ಕಟ್ಟೆಯೂ ಇಲ್ಲ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ನಿರ್ಮಿತವಾದುದು 1866ರಿಂದ 1869ರ ಅವಧಿಯಲ್ಲಿ. ಅದಕ್ಕೆ ಹಿಂದೆ ಥೇಮ್ಸ್ ತನ್ನ ಇಷ್ಟದಂತೆ ಹರಡಿಕೊಂಡಿದ್ದ ಹೊಳೆ.

ಇಷ್ಟು ಸೂಕ್ಷ್ಮವಾಗಿ ಬರೆದವನ ಚಿತ್ರವನ್ನು ಛಾಯಾಚಿತ್ರದಂತೆ ನಂಬಬಹುದೇ ಎಂದರೆ, ನಂಬಲಾಗದು. ಸೇತುವೆಯ ಕೆಲಸ ಇನ್ನೂ ನಡೆಯುತ್ತಿದ್ದಾಗಲೇ ಅವನು ಅದನ್ನು ಸಂಪೂರ್ಣವಾದಂತೆ ಚಿತ್ರಿಸಿ, ನಡುಗಮಾನಿನ ಮೇಲೆ ಥೇಮ್ಸ್ ಮತ್ತು ಐಸಿಸ್ ನದೀದೇವತೆಗಳ ವಿಗ್ರಹಗಳನ್ನೂ ಇಟ್ಟನು. ಅನಂತರ ಆದುದೇನು? 1747ರಲ್ಲಿ ಕಂಬವೊಂದು ಕುಸಿದು, ಸೇತುವೆ ಜನರಿಗೆ ತೆರೆದುದು 1750ರ ನವೆಂಬರಿನಲ್ಲಿ. ವಿಗ್ರಹಗಳು ಬರಲೇ ಇಲ್ಲ. ತಂದೆಯೊಡನೆ ನಾಟಕಶಾಲೆಯ ಪರದೆಗಳನ್ನು ಬರೆಯುತ್ತ ಕೈ ಪಳಗಿಸಿಕೊಂಡ ಈತನಿಗೆ, ನೋಟದ ಸೊಗಸಿಗಾಗಿ ಕಟ್ಟಡಗಳನ್ನು ಅತ್ತಿತ್ತ ಸರಿಸುವುದು ಅಪರಾಧವೆಂದು ತೋರಿರಲಿಲ್ಲ. ಲಂಡನ್ನಿನ ಆಕಾಶಕ್ಕೆ ಅವನು ಕೊಟ್ಟಿರುವ ನಿರ್ಮಲವಾದ ಬೆಳಕೂ, ಇಲ್ಲಿ ಚಳಿಗಾಲ ಕಳೆದವರು ಒಪ್ಪುವರು, ಬಹಳಮಟ್ಟಿಗೆ ವೆನಿಸ್ಸಿನಿಂದ ತಂದುದೇ.

ನಡುವೆ ಸ್ವದೇಶಕ್ಕೆ ಹೋಗಿಬಂದುದನ್ನು ಬಿಟ್ಟರೆ, ಸುಮಾರು ಒಂಬತ್ತು ವರ್ಷ ಇಲ್ಲಿದ್ದು ಅವನು ಹಿಂದಿರುಗಿದನು. 1768ರಲ್ಲಿ ವೆನಿಸ್ಸಿನಲ್ಲಿ ತೀರಿಕೊಂಡನು. ಅದಕ್ಕೆ ಕೆಲವು ವರ್ಷ ಮೊದಲು, ಅವನ ಚಿತ್ರಗಳ ದೊಡ್ಡ ಸಂಗ್ರಹವನ್ನು ಮೂರನೆಯ ಜಾರ್ಜ್ ದೊರೆಯು, ವೆನಿಸ್ಸಿನಲ್ಲಿ ಬ್ರಿಟನ್ನಿನ ಕಾನ್ಸಲ್ ಆಗಿದ್ದ ಸ್ಮಿತ್ ಎಂಬವನಿಂದ ಕೊಂಡುಕೊಂಡದ್ದರಿಂದ, ಅದು ಇಂದಿಗೂ ಈ ದೇಶದ ರಾಜಸಂಗ್ರಹದಲ್ಲಿದೆ. ಇಲ್ಲಿನ ಕನ್ನಡಿಗರು ಮಕ್ಕಳೊಡನೆ ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಗೆ ಹೋದಾಗ ಅವನ ಚಿತ್ರಗಳ ಮುಂದೆ ಕೊಂಚ ಹೊತ್ತು ನಿಲ್ಲಬೇಕು. ಅಲ್ಲಿನ ಶಾಶ್ವತ ಸಂಗ್ರಹವನ್ನು ನೋಡಲು ಹಣ ತೆರಬೇಕಾಗಿಲ್ಲ.